ಕುದುರೆಯ ಕೊನೆಯ ದಿನದ ತಯಾರಿ

ವಾಸಿಯಾಗದ ನೋವಿನಲ್ಲಿರುವ ಕುದುರೆಯನ್ನು ಹೆದರಿಸದೆ, ನೋಯಿಸದೆ ಪ್ರಜ್ಞೆ ತಪ್ಪಿಸಿ, ಆ ಪ್ರಜ್ಞೆ ಮತ್ತೆ ಮರಳುವ ಮೊದಲೇ ಅದರ ಉಸಿರು ನಿಲ್ಲುವಂತೆ ಮಾಡುವುದನ್ನು ದಯಾಮರಣ ಎನ್ನುತ್ತಾರೆ. ಇದು ಪಶುವೈದ್ಯರ ಕೆಲಸ, ಮದ್ದು ಒಳಗೆ ಹೋದ ಮೇಲೆ ಕೆಲವೇ ನಿಮಿಷಗಳಲ್ಲಿ ಮುಗಿಯುವ ಕೆಲಸ. ಆ ನಿಮಿಷಗಳು ಶಾಂತವಾಗಿ ಕಳೆಯುತ್ತವೆಯೋ ಗಲಿಬಿಲಿಯಲ್ಲಿ ಕಳೆಯುತ್ತವೆಯೋ ಎಂಬುದು ಮಾತ್ರ ಬಹುಮಟ್ಟಿಗೆ ವೈದ್ಯರು ಬರುವ ಮೊದಲೇ ತೀರ್ಮಾನವಾಗಿರುತ್ತದೆ. ನಾಯಿ, ಬೆಕ್ಕುಗಳನ್ನು ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಗೆ ಒಯ್ಯಬಹುದು. ಕುದುರೆ 450 ಕಿಲೋ ತೂಗುವ ಪ್ರಾಣಿ. ನಿಂತೇ ತೂಕಡಿಸುತ್ತದೆ, ಬೆದರಿದರೆ ಕಿತ್ತುಕೊಂಡು ಓಡುತ್ತದೆ, ಪ್ರಜ್ಞೆ ತಪ್ಪಿದಾಗ ನಿಂತ ನಿಲುವಿನಲ್ಲೇ ನೆಲಕ್ಕೆ ಉರುಳುತ್ತದೆ. ಅದು ಎಲ್ಲಿ ಬೀಳಬೇಕು, ಹಗ್ಗ ಯಾರ ಕೈಯಲ್ಲಿರಬೇಕು, ಬಿದ್ದ ದೇಹ ಯಾವ ದಾರಿಯಲ್ಲಿ ಎಲ್ಲಿಗೆ ಹೋಗಬೇಕು ಎಂಬುದನ್ನು ಆ ಹೊತ್ತಿಗೆ ಯೋಚಿಸಲು ಹೊರಟರೆ ಕೆಲಸ ಕೆಡುತ್ತದೆ.

ಚೆನ್ನಾಗಿ ನೋಡಿಕೊಂಡ ಕುದುರೆ 25ರಿಂದ 30 ವರ್ಷ ಬದುಕುತ್ತದೆ. ರೇಸಿನ ಕುದುರೆಯ ಓಟದ ಬದುಕು ಅದರ ಮೊದಲ ಏಳೆಂಟು ವರ್ಷಗಳಲ್ಲೇ ಮುಗಿದುಹೋಗುತ್ತದೆ. ಆಮೇಲೆ ಅದು ಸವಾರಿ ಶಾಲೆಗೋ ಮದುವೆ ಮೆರವಣಿಗೆಗೋ ಪ್ರವಾಸಿ ತಾಣದ ಬಾಡಿಗೆ ಸವಾರಿಗೋ ಕೈಯಿಂದ ಕೈಗೆ ದಾಟುತ್ತಾ ಹೋಗುತ್ತದೆ. ಪ್ರತಿ ಸಲ ಬೆಲೆ ಇಳಿಯುತ್ತದೆ, ಕೊಳ್ಳುವವನ ಕೈಯೂ ಸಣ್ಣದಾಗುತ್ತದೆ. ಹೀಗಾಗಿ ಲಕ್ಷಾಂತರ ರೂಪಾಯಿಗೆ ಮಾರಾಟವಾಗಿದ್ದ ಕುದುರೆಯ ಕೊನೆಯ ದಿನವನ್ನು ನಿರ್ಧರಿಸುವ ಹೊಣೆ ಅನೇಕ ವೇಳೆ ಆ ಸಾಲಿನಲ್ಲೇ ಬಡವನಾದ ಒಡೆಯನ ತಲೆಗೆ ಬರುತ್ತದೆ. ವೈದ್ಯರಿಗೆ, ಮದ್ದಿಗೆ, ಗುಂಡಿ ತೋಡುವ ಯಂತ್ರಕ್ಕೆ ಹಣ ಹೊಂದಿಸಲಾಗದೆ ರಾತ್ರೋರಾತ್ರಿ ಬೀದಿಗೆ ಬಿಡುವವರಿದ್ದಾರೆ. ಹಗ್ಗ ಬಿಚ್ಚಿ ಬಿಟ್ಟರೆ ಕೊಂದ ಪಾಪ ತಟ್ಟುವುದಿಲ್ಲ ಎಂಬುದು ಅವರ ಸಮಾಧಾನ. ಕುಂಟುವ ಮುದಿ ಕುದುರೆ ನಗರದ ರಸ್ತೆಯಲ್ಲಿ ಪ್ಲಾಸ್ಟಿಕ್ಕು ತಿಂದು, ವಾಹನಕ್ಕೆ ಸಿಕ್ಕಿ ಸಾಯುವುದನ್ನು ಯಾವ ಲೆಕ್ಕದಲ್ಲೂ ದಯೆ ಎನ್ನಲಾಗದು. ಕಾನೂನೂ ಹಾಗೆ ಎಣಿಸುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಸಕಾರಣವಿಲ್ಲದೆ ಪ್ರಾಣಿಯನ್ನು ತೊರೆಯುವುದು ಅಪರಾಧ.

ಯಾವಾಗ ಎಂಬ ಪ್ರಶ್ನೆ

ಅಮೆರಿಕದ ಕುದುರೆ ವೈದ್ಯರ ಸಂಘ ಈ ನಿರ್ಧಾರಕ್ಕೆಂದು ಕೆಲವು ಅಳತೆಗೋಲುಗಳನ್ನು ಕೊಟ್ಟಿದೆ. ವಾಸಿಯಾಗದ ಕಾಯಿಲೆಯ ಹತೋಟಿಗೆ ಬಾರದ ನೋವನ್ನು ಕುದುರೆ ನಿರಂತರ ಅನುಭವಿಸುವಂತಾಗಬಾರದು. ಉಳಿಯುವ ಆಸೆಯೇ ಇಲ್ಲದ ಸ್ಥಿತಿಯಲ್ಲಿ ಅದನ್ನು ಎಳೆದಾಡಬಾರದು. ಬರೀ ನೋವುನಿವಾರಕದ ಬಲದ ಮೇಲೆ ಅಥವಾ ಒಂದೇ ಲಾಯದ ಕೋಣೆಯೊಳಗೆ ಸೆರೆಯಾಗಿ ಜೀವನವಿಡೀ ಕಳೆಯುವಂತಾಗಬಾರದು. ತನಗೋ ಇತರ ಕುದುರೆಗಳಿಗೋ ಮನುಷ್ಯರಿಗೋ ಅಪಾಯವಾಗುವ ಸ್ಥಿತಿಯಲ್ಲಿ ಬದುಕಿಸಿಡಬಾರದು. ನಾಲ್ಕು ಗೋಡೆಯೊಳಗಿನ ಸೆರೆಯನ್ನೂ ನೋವಿನ ಸಾಲಿಗೆ ಸೇರಿಸಿರುವುದು ಇಲ್ಲಿ ಗಮನಿಸಬೇಕಾದ ಸಂಗತಿ. ಗುಂಪಿನಲ್ಲಿ ನಡೆಯುತ್ತಾ ಮೇಯುವುದು ಕುದುರೆಯ ಸ್ವಭಾವ, ಅದು ತಪ್ಪಿದರೆ ಹೊಟ್ಟೆ ತುಂಬಾ ಹುರುಳಿಯಿದ್ದರೂ ಅದರ ಬದುಕು ಬದುಕಲ್ಲ.

ಕಾಲು ಮುರಿದ ಕುದುರೆಯನ್ನು ಏಕೆ ಉಳಿಸಲಾಗುವುದಿಲ್ಲ ಎಂದು ಕೇಳದವರಿಲ್ಲ. ಕುದುರೆಯ ಮೈಭಾರದಲ್ಲಿ ಸುಮಾರು ಶೇ. 60ರಷ್ಟು ಮುಂಗಾಲುಗಳ ಮೇಲಿರುತ್ತದೆ. ಮಂಡಿಯಿಂದ ಕೆಳಗೆ ಮಾಂಸಖಂಡವೇ ಇಲ್ಲ. ಮೂಳೆ, ಸ್ನಾಯುರಜ್ಜು, ಮೇಲೆ ತೆಳ್ಳನೆ ಚರ್ಮ, ಅಷ್ಟೇ. ಮುರಿದ ಮೂಳೆಯ ಚೂಪು ತುದಿ ಸುಲಭವಾಗಿ ಚರ್ಮ ಸೀಳಿ ಹೊರಬರುತ್ತದೆ. ರಕ್ತ ಸಂಚಾರ ಕಡಿಮೆಯಿರುವ ಆ ಜಾಗಕ್ಕೆ ಮಣ್ಣು, ಸಗಣಿಯ ನಂಜು ತಗುಲಿದರೆ ಗಾಯ ಮಾಯುವುದಿಲ್ಲ. ಮನುಷ್ಯನಂತೆ ಮೂರು ತಿಂಗಳು ಮಲಗಿಸಿಡೋಣವೆಂದರೆ ಅದೂ ಆಗದು. ಬಹಳ ಹೊತ್ತು ಮಲಗಿದ ಕುದುರೆಯ ಕೆಳಭಾಗದ ಸ್ನಾಯುಗಳು, ಶ್ವಾಸಕೋಶ ಅದರದೇ ಭಾರಕ್ಕೆ ಕೆಡುತ್ತವೆ. ನಿಂತುಕೊಂಡರೆ ಉಳಿದ ಕಾಲುಗಳ ಮೇಲೆ ಹೊರೆ ಬಿದ್ದು ಲ್ಯಾಮಿನೈಟಿಸ್ ಎಂಬ ಗೊರಸಿನ ಕಾಯಿಲೆ ಹತ್ತುತ್ತದೆ.

1975ರ ಜುಲೈ 6ರಂದು ನ್ಯೂಯಾರ್ಕಿನ ಬೆಲ್ಮಾಂಟ್ ಪಾರ್ಕಿನಲ್ಲಿ ರಫಿಯನ್ ಎಂಬ ಹೆಣ್ಣು ಕುದುರೆ ಓಟದ ನಡುವೆ ಬಲ ಮುಂಗಾಲು ಮುರಿದುಕೊಂಡಿತು. ಅಲ್ಲಿಯವರೆಗೆ ಓಡಿದ ಹತ್ತೂ ಪಂದ್ಯಗಳನ್ನು ಗೆದ್ದಿದ್ದ ಕುದುರೆ ಅದು. ರಾತ್ರಿ ಶಸ್ತ್ರಚಿಕಿತ್ಸೆಯೂ ಆಯಿತು. ಅರಿವಳಿಕೆಯ ಅಮಲು ಇಳಿಯುತ್ತಿದ್ದಂತೆ ಮಲಗಿದಲ್ಲೇ ಓಡುವಂತೆ ಕಾಲು ಬೀಸತೊಡಗಿ, ಕಟ್ಟಿದ್ದನ್ನೆಲ್ಲ ಒಡೆದುಕೊಂಡು ಇನ್ನಷ್ಟು ಗಾಯಮಾಡಿಕೊಂಡಿತು. ಬೆಳಗಾಗುವ ಮೊದಲೇ ದಯಾಮರಣ ಕೊಡಬೇಕಾಯಿತು. ಮೂರು ದಶಕ ಕಳೆದ ಮೇಲೆ, 2006ರ ಮೇ ತಿಂಗಳಲ್ಲಿ, ಕೆಂಟಕಿ ಡರ್ಬಿ ಗೆದ್ದಿದ್ದ ಬಾರ್ಬಾರೊ ಎರಡೇ ವಾರದಲ್ಲಿ ಪ್ರೀಕ್‌ನೆಸ್ ಪಂದ್ಯದಲ್ಲಿ ಬಲ ಹಿಂಗಾಲು ಮುರಿದುಕೊಂಡಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನ್ಯೂ ಬೋಲ್ಟನ್ ಕೇಂದ್ರದಲ್ಲಿ ಡೀನ್ ರಿಚರ್ಡ್‌ಸನ್ ಅವರ ತಂಡ ಲೋಹದ ಪಟ್ಟಿ, 27 ತಿರುಪುಗಳನ್ನಿಟ್ಟು ಮೂಳೆ ಕೂಡಿಸಿತು. ಈ ಸಲ ಕುದುರೆ ನೀರಿನ ಕೊಳದಲ್ಲಿ ತೇಲುವ ದೋಣಿಯೊಳಗೆ ಎಚ್ಚರಗೊಂಡಿತು, ಕಾಲು ಬಡಿದರೂ ಏಟಾಗದಂತೆ ಮಾಡಿದ್ದ ಏರ್ಪಾಡು ಅದು. ಮುರಿದ ಕಾಲು ಕೂಡಿಕೊಳ್ಳುತ್ತಾ ಬಂತು. ಭಾರ ಹೊತ್ತ ಎಡ ಹಿಂಗಾಲಿಗೆ ಲ್ಯಾಮಿನೈಟಿಸ್ ಬಂತು, ಆಮೇಲೆ ಮುಂಗಾಲುಗಳಿಗೂ ಹರಡಿತು. 2007ರ ಜನವರಿ 29ರಂದು, ನೋವಿಲ್ಲದೆ ಮುಂದುವರಿಯುವ ದಾರಿ ಉಳಿದಿಲ್ಲವೆಂದು ಒಡೆಯರೂ ವೈದ್ಯರೂ ಒಪ್ಪಿ ಅದನ್ನು ಬೀಳ್ಕೊಟ್ಟರು. ಹಣ, ತಜ್ಞರು, ಸೌಕರ್ಯ ಯಾವುದಕ್ಕೂ ಕೊರತೆಯಿಲ್ಲದ ಕಡೆ ಎಂಟು ತಿಂಗಳ ಚಿಕಿತ್ಸೆಯ ಮಿತಿ ಇಷ್ಟು. ಇವೆರಡನ್ನೂ ಬಲ್ಲವರು ನಮ್ಮ ಊರಿನ ಜಟಕಾ ಕುದುರೆಯ ಕಾಲು ಮುರಿದಾಗ ವೈದ್ಯರು ತಲೆ ಅಲ್ಲಾಡಿಸಿದರೆ ಅವರನ್ನು ಕಲ್ಲೆದೆಯವರೆನ್ನಲಾರರು. ಕಾಲಿನ ಎಲ್ಲ ಬಿರುಕೂ ಮರಣಶಾಸನವಲ್ಲ ಎಂಬುದೂ ನಿಜ. ಸಣ್ಣ ಸೀಳುಗಳು, ಎಳೆ ಮರಿಗಳ ಕೆಲವು ಮುರಿತಗಳು ವಾಸಿಯಾಗುತ್ತವೆ. ಆದ್ದರಿಂದ ಎಕ್ಸ್‌ರೇ ನೋಡದೆ ತೀರ್ಪು ಕೊಡುವುದೂ ತಪ್ಪು.

ಲ್ಯಾಮಿನೈಟಿಸ್ ಬಂದ ಕುದುರೆಯನ್ನು ದೂರದಿಂದಲೇ ಗುರುತಿಸಬಹುದು. ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಮೈಯನ್ನೆಲ್ಲ ಹಿಂದಕ್ಕೆ ಎಳೆದುಕೊಂಡು ಹಿಮ್ಮಡಿಯ ಮೇಲೆ ನಿಂತಿರುತ್ತದೆ. ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಹಿಡಿದಿಡುವ ಸೂಕ್ಷ್ಮ ಪದರಗಳು ಊದಿ ಬಿಟ್ಟುಕೊಂಡಾಗ ಮೂಳೆ ತಿರುಗಿ ಕೆಳಕ್ಕೆ ಕುಸಿಯುತ್ತದೆ, ಕೆಲವೊಮ್ಮೆ ಅಂಗಾಲನ್ನೇ ತೂರಿ ಬರುತ್ತದೆ. 20ನೇ ಶತಮಾನದ ಅತಿ ಖ್ಯಾತ ಓಟದ ಕುದುರೆಗಳಲ್ಲೊಂದಾದ ಸೆಕ್ರೆಟೇರಿಯಟ್‌ಗೆ 1989ರ ಅಕ್ಟೋಬರ್ 4ರಂದು ದಯಾಮರಣ ಕೊಟ್ಟದ್ದು ಇದೇ ಕಾಯಿಲೆಗೆ.

ಉದರಶೂಲೆ ಇನ್ನೂ ಅವಸರದ್ದು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಅದರ ಉದ್ದನೆಯ ಕರುಳು ಹೊಟ್ಟೆಯೊಳಗೆ ಸಡಿಲವಾಗಿ ಜೋತಿರುತ್ತದೆ. ಕರುಳು ತಿರುಚಿಕೊಂಡರೆ ಕುದುರೆ ನೆಲ ಕೆರೆಯುತ್ತದೆ, ಮಗ್ಗುಲ ಕಡೆ ತಿರುಗಿ ತಿರುಗಿ ನೋಡುತ್ತದೆ, ಬೆವರಿಳಿಸುತ್ತಾ ಹೊರಳಾಡುತ್ತದೆ. ನಿಮಿಷಕ್ಕೆ 28ರಿಂದ 44 ಇರಬೇಕಾದ ಎದೆಬಡಿತ 80 ದಾಟಿ, ಒಸಡು ನೇರಳೆಗೆ ತಿರುಗಿದರೆ ಆಸೆ ಕಡಿಮೆ. ಇಲ್ಲೊಂದು ಮೋಸ ಹೋಗುವ ಘಳಿಗೆಯಿದೆ. ಉಬ್ಬಿದ ಜಠರ ಒಡೆದಾಗ ಒಳಗಿನ ಒತ್ತಡ ಇಳಿದು ಕುದುರೆ ಇದ್ದಕ್ಕಿದ್ದಂತೆ ಹೊರಳಾಟ ನಿಲ್ಲಿಸಿ ಶಾಂತವಾಗುತ್ತದೆ. ಕಷಾಯ ಹಿಡಿಯಿತು, ದೇವರು ಕಣ್ಣುಬಿಟ್ಟ ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ತಣ್ಣನೆ ಕಿವಿ, ತಣ್ಣನೆ ಬೆವರು, ಬಿಗಿದುಕೊಂಡ ಹೊಟ್ಟೆ ಬೇರೆಯೇ ಸುದ್ದಿ ಹೇಳುತ್ತಿರುತ್ತವೆ. ಆ ಹಂತದಲ್ಲಿ ಕಾಯುವುದರಿಂದ ನರಳಾಟ ಹೆಚ್ಚುತ್ತದೆಯೇ ಹೊರತು ಇನ್ನೇನೂ ಸಿಗದು.

ಮುಪ್ಪಿನ ಕುದುರೆಯ ವಿಷಯದಲ್ಲಿ ಇಂಥ ಒಂದು ಗುರುತಿನ ಘಳಿಗೆ ಇರುವುದಿಲ್ಲ, ಕಷ್ಟವಿರುವುದು ಅಲ್ಲೇ. ಹಲ್ಲು ಸವೆದು ಮೇವನ್ನು ಅರೆದು ಉಗುಳುವುದು, ಮಲಗಿದರೆ ಏಳಲಾಗದೇನೋ ಎಂಬ ಭಯದಿಂದ ಮಲಗುವುದನ್ನೇ ಬಿಡುವುದು, ಗುಂಪಿನಿಂದ ಹಿಂದೆ ಉಳಿಯುವುದು ಒಂದೊಂದಾಗಿ ಸೇರುತ್ತಾ ಬರುತ್ತವೆ. ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನ, ಕೆಟ್ಟ ದಿನ ಎಂದು ಗುರುತು ಹಾಕಿಕೊಳ್ಳುವಂತೆ ವೈದ್ಯರು ಹೇಳುವುದುಂಟು. ದಿನವೂ ನೋಡುವವರ ಕಣ್ಣಿಗೆ ಇಳಿತ ಕಾಣುವುದಿಲ್ಲ, ತಿಂಗಳ ಹಿಂದಿನ ಗುರುತಿಗೆ ಕಾಣುತ್ತದೆ. 1982ರಲ್ಲಿ ಲಂಡನ್ನಿನ ಹೈಡ್ ಪಾರ್ಕ್ ಬಾಂಬ್ ಸ್ಫೋಟದಲ್ಲಿ ಮೈತುಂಬ ಗಾಯಗೊಂಡೂ ಬದುಕಿ ಮನೆಮಾತಾದ ಸೆಫ್ಟನ್ ಎಂಬ ಸೇನಾ ಕುದುರೆ ನಿವೃತ್ತಿಯ ಹುಲ್ಲುಗಾವಲಿನಲ್ಲಿ ಒಂಬತ್ತು ವರ್ಷ ಕಳೆಯಿತು. ಹಳೆಯ ಗಾಯಗಳಿಂದ ಬಂದ ಕುಂಟು ವಾಸಿಯಾಗದು ಎಂದಾದಾಗ, 1993ರಲ್ಲಿ, ತನ್ನ 30ನೇ ವಯಸ್ಸಿನಲ್ಲಿ ದಯಾಮರಣ ಪಡೆಯಿತು. ಆ ದೇಶ ಅಷ್ಟು ಪ್ರೀತಿಸಿದ ಕುದುರೆಯನ್ನೂ ಅದು ತಾನಾಗಿ ಕುಸಿದು ಬೀಳಲೆಂದು ಕಾಯಲಿಲ್ಲ.

ಒಡೆಯನಿಗೆ ಆಯ್ಕೆಯೇ ಇಲ್ಲದ ಸಂದರ್ಭಗಳೂ ಇವೆ. ಗ್ಲ್ಯಾಂಡರ್ಸ್ ಕುದುರೆ, ಕತ್ತೆ, ಹೇಸರಗತ್ತೆಗಳಿಂದ ಮನುಷ್ಯರಿಗೂ ಹರಡಬಲ್ಲ ಬ್ಯಾಕ್ಟೀರಿಯಾ ರೋಗ. ಮೂಗಿನಿಂದ ಕೀವು, ಚರ್ಮದ ಮೇಲೆ ಗಂಟುಗಂಟಾದ ಹುಣ್ಣು ಅದರ ಲಕ್ಷಣ. ಭಾರತದಲ್ಲಿ ಇದಕ್ಕೆ 1899ರಷ್ಟು ಹಿಂದೆಯೇ ಪ್ರತ್ಯೇಕ ಕಾಯ್ದೆ ಬಂದಿತ್ತು, ಈಗ 2009ರ ಪ್ರಾಣಿ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆ ಇದೆ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ರಕ್ತ ಪರೀಕ್ಷೆಯಾಗಿ ರೋಗ ಖಚಿತವಾದರೆ ಚಿಕಿತ್ಸೆ ಕೊಡುವಂತಿಲ್ಲ. ಪಶುಪಾಲನಾ ಇಲಾಖೆಯೇ ಮುಂದೆ ನಿಂತು ದಯಾಮರಣ ಕೊಡಿಸಿ, ಮೈಮುಚ್ಚುವ ಉಡುಪು ತೊಟ್ಟವರಿಂದ ಆಳವಾದ ಗುಂಡಿಯಲ್ಲಿ ಹೂಳಿಸುತ್ತದೆ ಅಥವಾ ಸುಡಿಸುತ್ತದೆ, ಒಡೆಯನಿಗೆ ಪರಿಹಾರ ಕೊಡುತ್ತದೆ. ಹುಚ್ಚುನಾಯಿ ಕಚ್ಚಿ ರೇಬೀಸ್ ಶಂಕೆ ಮೂಡಿದ ಕುದುರೆಯ ಬಾಯಿಗೆ ಯಾರೂ ಕೈ ಹಾಕಬಾರದು. ಜೊಲ್ಲು ತಾಗಿದವರು ತಡಮಾಡದೆ ಲಸಿಕೆ ಹಾಕಿಸಿಕೊಳ್ಳಬೇಕು. ರೋಗ ಖಚಿತಪಡಿಸಲು ಮಿದುಳಿನ ಮಾದರಿ ಬೇಕಾಗುತ್ತದೆ, ಆ ಪರೀಕ್ಷೆಗೆ ಅಂತರರಾಷ್ಟ್ರೀಯ ಮಾನ್ಯತೆಯ ಪ್ರಯೋಗಾಲಯ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೇ ಇದೆ.

ಕಾಗದ, ಕಾನೂನು, ಮದ್ದು

ತನ್ನ ಕುದುರೆಗೆ ವೈದ್ಯರ ಸಲಹೆಯಂತೆ ದಯಾಮರಣ ಕೊಡಿಸುವ ಒಡೆಯ ಲಿಖಿತ ಒಪ್ಪಿಗೆ ಕೊಡಬೇಕು. ಇದನ್ನು ಬರೀ ಶಿಷ್ಟಾಚಾರ ಎಂದುಕೊಳ್ಳಬಾರದು. ಬೇರೆಯವರ ಪ್ರಾಣಿಯನ್ನು ಕೊಲ್ಲುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಐದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದಾದ ಅಪರಾಧ. ಸವಾರಿ ಶಾಲೆಗಳಲ್ಲಿ, ಪಾಲುದಾರಿಕೆಯ ಕುದುರೆಗಳಲ್ಲಿ ಯಜಮಾನಿಕೆ ಯಾರದೆಂಬುದೇ ಗೋಜಲಾಗಿರುತ್ತದೆ. ಒಡೆಯ ಪರದೇಶದಲ್ಲಿದ್ದು, ಕುದುರೆ ಮಧ್ಯರಾತ್ರಿ ಹೊರಳಾಡುತ್ತಿದ್ದರೆ ಹೂಂ ಎನ್ನುವ ಅಧಿಕಾರ ಯಾರಿಗೆ ಎಂಬುದನ್ನು ಮೊದಲೇ ಬರೆದಿಟ್ಟಿರಬೇಕು.

ಒಡೆಯನೇ ಸಿಗದ ಅಥವಾ ಒಪ್ಪದ ಪ್ರಾಣಿಯ ವಿಚಾರವನ್ನು ಪ್ರಾಣಿ ಹಿಂಸೆ ತಡೆ ಕಾಯ್ದೆಯ 13ನೇ ಕಲಂ ನೋಡಿಕೊಳ್ಳುತ್ತದೆ. ಸ್ಥಳದಿಂದ ಎತ್ತುವುದೇ ಕ್ರೌರ್ಯವಾಗುವಷ್ಟು ಗಾಯಗೊಂಡ ಪ್ರಾಣಿಯನ್ನು ಕಾನ್‌ಸ್ಟೆಬಲ್‌ಗಿಂತ ಮೇಲಿನ ದರ್ಜೆಯ ಪೊಲೀಸ್ ಅಧಿಕಾರಿ ಕಂಡರೆ ಆ ಭಾಗದ ಪಶುವೈದ್ಯಾಧಿಕಾರಿಯನ್ನು ಕರೆಸಬೇಕು. ಬದುಕಿಸಿಡುವುದು ಕ್ರೌರ್ಯ ಎಂದು ವೈದ್ಯಾಧಿಕಾರಿ ಪ್ರಮಾಣಪತ್ರ ಕೊಟ್ಟರೆ, ಮ್ಯಾಜಿಸ್ಟ್ರೇಟರ ಆದೇಶ ಪಡೆದು ಮುಂದುವರಿಯಬಹುದು. ಆ ಆದೇಶಕ್ಕೆ ಮೇಲ್ಮನವಿ ಇಲ್ಲ. ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕ ಅನಾಥ ಕುದುರೆಯ ಸುತ್ತ ಗುಂಪು ಕಟ್ಟಿ ಮೊಬೈಲಿನಲ್ಲಿ ಚಿತ್ರ ತೆಗೆಯುವವರಲ್ಲಿ ಒಬ್ಬರಿಗಾದರೂ ಈ ದಾರಿ ಗೊತ್ತಿದ್ದರೆ ಅದರ ನರಳಾಟದ ಗಂಟೆಗಳು ಕಡಿಮೆಯಾಗುತ್ತವೆ.

ವಿಮೆಯಿರುವ ಕುದುರೆಯಾದರೆ, ತುರ್ತು ಸಂದರ್ಭ ಬಿಟ್ಟು, ಮೊದಲೇ ಕಂಪನಿಗೆ ತಿಳಿಸಬೇಕು. ಎರಡನೇ ವೈದ್ಯರ ಅಭಿಪ್ರಾಯವನ್ನೋ ಶವಪರೀಕ್ಷೆಯನ್ನೋ ಅವರು ಕೇಳಬಹುದು.

ಮದ್ದಿನ ಕಡೆಯಿಂದಲೂ ಮುಂಗಡ ಸೂಚನೆ ಬೇಕು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಪೆಂಟೊಬಾರ್ಬಿಟಲ್ ಎಂಬ ಅರಿವಳಿಕೆ ಔಷಧದ ಮಿತಿಮೀರಿದ ಪ್ರಮಾಣ. ಭಾರತದಲ್ಲಿ ಅದು ಮಾದಕ ಹಾಗೂ ಮನೋಪರಿಣಾಮಿ ಔಷಧಗಳ ಕಾಯ್ದೆಯ ಹತೋಟಿಗೆ ಒಳಪಟ್ಟದ್ದು, ತಾಲ್ಲೂಕಿನ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವಂಥದ್ದಲ್ಲ. ಯಾವುದನ್ನು ಎಲ್ಲಿಂದ ತರಿಸಬೇಕು, ಬದಲಿಗೆ ಬೇರೆ ಯಾವ ಅರಿವಳಿಕೆ ಬಳಸಬೇಕು ಎಂಬುದನ್ನು ನೋಡಿಕೊಳ್ಳಲು ವೈದ್ಯರಿಗೆ ಸಮಯ ಬೇಕು. ಅಗ್ಗದ ದಾರಿ ಹುಡುಕುವುದು ಅಪಾಯ. ಪೊಟ್ಯಾಸಿಯಂ ಕ್ಲೋರೈಡ್ ಕೊಟ್ಟರೆ ಎದೆ ನಿಲ್ಲುತ್ತದೆ ನಿಜ, ಆದರೆ ಕುದುರೆ ಎಚ್ಚರವಿದ್ದಾಗಲೇ ನಿಲ್ಲುತ್ತದೆ. ಗಾಢ ಅರಿವಳಿಕೆಗೆ ಇಳಿಸಿದ ಮೇಲಷ್ಟೇ ಅದನ್ನು ಒಪ್ಪಬಹುದೆಂದು ಪಶುವೈದ್ಯ ಸಂಘಗಳ ಮಾರ್ಗಸೂಚಿಗಳು ಹೇಳುತ್ತವೆ. ಬ್ರಿಟನ್, ಐರ್ಲೆಂಡ್, ಅಮೆರಿಕಗಳಲ್ಲಿ ಬಂದೂಕಿನ ಬಳಕೆ ಇನ್ನೂ ಇದೆ. ಪಳಗಿದ ಕೈಯಲ್ಲಿ ಅದೂ ಕ್ಷಣಾರ್ಧದ ಸಾವು. ಸಿನಿಮಾಗಳಲ್ಲಿ ತೋರಿಸುವಂತೆ ಎರಡು ಕಣ್ಣಿನ ನಡುವೆ ಹೊಡೆದರೆ ಗುಂಡು ಮಿದುಳನ್ನೇ ತಪ್ಪಬಹುದು, ಮಿದುಳಿರುವುದು ಅದಕ್ಕಿಂತ ಮೇಲೆ. ನಮ್ಮಲ್ಲಿ ಚುಚ್ಚುಮದ್ದೇ ರೂಢಿ, ಅದೇ ಇರಲಿ.

ಜಾಗ, ಹೊತ್ತು, ಜೊತೆಗಾರರು

ಜಾಗ ಆರಿಸುವಾಗ ಕುದುರೆಯ ನೆಮ್ಮದಿ, ನಿಂತವರ ಸುರಕ್ಷತೆ, ದೇಹದ ಸಾಗಣೆ ಈ ಮೂರನ್ನೂ ಒಟ್ಟಿಗೆ ನೋಡಬೇಕು. ಲಾಯದ ಕೋಣೆಯೊಳಗೆ ಮಾಡುವುದು ಸುಲಭವೆನಿಸುತ್ತದೆ, ಆದರೆ ಗೋಡೆಗೆ ತಲೆ ಬಡಿಯಬಹುದು, ಹಗ್ಗ ಹಿಡಿದವರಿಗೆ ಪಕ್ಕಕ್ಕೆ ಸರಿಯಲು ಜಾಗವಿರದು, ಕಿರಿದಾದ ಬಾಗಿಲಿನಿಂದ ದೇಹವನ್ನು ಹೊರಗೆಳೆಯುವುದು ನೋಡಬಾರದ ದೃಶ್ಯ. ಸಮತಟ್ಟಾದ, ಕಲ್ಲಿಲ್ಲದ, ಮೆತ್ತನೆ ಹುಲ್ಲು ನೆಲ ಒಳ್ಳೆಯದು. ಟ್ರ್ಯಾಕ್ಟರ್ ಅಥವಾ ಜೆಸಿಬಿ ಅಲ್ಲಿಗೆ ಬರುವಂತಿರಬೇಕು. ಹೂಳುವುದಾದರೆ ಗುಂಡಿಯ ಹತ್ತಿರವೇ ಆದರೆ ಅನುಕೂಲ, ತೋಡಿದ ಹಸಿ ಮಣ್ಣಿನ ರಾಶಿ ಕಂಡು ಕುದುರೆ ಬೆದರದಷ್ಟು ದೂರವಿದ್ದರಾಯಿತು. ಮಲೆನಾಡಿನ ಮಳೆಗಾಲದಲ್ಲಿ ಬೆಳಿಗ್ಗೆ ತೋಡಿದ ಗುಂಡಿ ಸಂಜೆಗೆ ನೀರು ತುಂಬಿ ನಿಂತಿರುತ್ತದೆ. ಮುದಿ ಕುದುರೆಯ ವಿಷಯದಲ್ಲಿ ಚಳಿಗಾಲ, ಮಳೆಗಾಲ ಶುರುವಾಗುವ ಮೊದಲೇ ನಿರ್ಧರಿಸುವವರು ಇದನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ.

ಹಗಲು ಹೊತ್ತಾದರೆ ವೈದ್ಯರಿಗೆ ರಕ್ತನಾಳ ಕಾಣುತ್ತದೆ, ಜನವೂ ಸಿಗುತ್ತಾರೆ. ಅಕ್ಕಪಕ್ಕದ ಮಕ್ಕಳು ಶಾಲೆಗೆ ಹೋಗಿರುವ ವೇಳೆ ಆರಿಸಿದರೆ ಇನ್ನೂ ವಾಸಿ. ಮನೆಯ ಮಕ್ಕಳಿಗೆ ಮಾತ್ರ ನಿಜ ಹೇಳಬೇಕು. ಕುದುರೆಯನ್ನು ದೂರದ ತೋಟಕ್ಕೆ ಕಳಿಸಿದ್ದೇವೆ ಎಂಬ ಸುಳ್ಳು ಒಂದು ದಿನ ಹೊರಬಿದ್ದೇ ಬೀಳುತ್ತದೆ.

ಹಗ್ಗ ಹಿಡಿಯುವವರು ಕುದುರೆಗೆ ಪರಿಚಿತರಾಗಿರಬೇಕು, ಗಟ್ಟಿ ಮನಸ್ಸಿನವರಾಗಿರಬೇಕು. ಈ ಎರಡು ಗುಣ ಒಬ್ಬರಲ್ಲೇ ಇರಬೇಕೆಂದಿಲ್ಲ. ನಮ್ಮ ಲಾಯಗಳಲ್ಲಿ ಕುದುರೆಗೆ ಮೇವು ಹಾಕಿ, ಮೈ ಉಜ್ಜಿ, ರಾತ್ರಿ ಅದರ ಪಕ್ಕದಲ್ಲೇ ಮಲಗುವವನು ಕುದುರೆಯಾಳು. ವಿಷಯ ಅವನಿಗೆ ಕೊನೆಯಲ್ಲಿ, ಅದೂ ಅಪ್ಪಣೆಯ ರೂಪದಲ್ಲಿ ತಲುಪುವುದೇ ಹೆಚ್ಚು. ನ್ಯಾಯವಾಗಿ ಅವನಿಗೇ ಮೊದಲು ಹೇಳಬೇಕು. ಕುದುರೆ ನಿನ್ನೆ ರಾತ್ರಿ ಎಷ್ಟು ಸಲ ಎದ್ದಿತು, ಏನು ತಿಂದಿತು ಎಂಬುದು ಒಡೆಯನಿಗಿಂತ ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ. ಹಗ್ಗ ಹಿಡಿಯಲಾರೆ ಎಂದರೆ ಬಲವಂತ ಮಾಡಬಾರದು, ಹಿಡಿಯುತ್ತೇನೆ ಎಂದರೆ ಬೇಡವೆನ್ನಲೂ ಬಾರದು.

ಜೊತೆಯ ಕುದುರೆಯನ್ನು ಇದ್ದಕ್ಕಿದ್ದಂತೆ ಬೇರ್ಪಡಿಸಿದರೆ ಎರಡೂ ಕೆನೆಯತೊಡಗುತ್ತವೆ. ಕಾಣುವಷ್ಟು ದೂರದಲ್ಲಿ ಕಟ್ಟಿ, ಎಲ್ಲ ಮುಗಿದ ಮೇಲೆ ದೇಹದ ಹತ್ತಿರ ಬಿಡುವುದು ಅನೇಕ ಕಡೆ ರೂಢಿ. ಅದು ಬಂದು ಮೂಸುತ್ತದೆ, ಮೂತಿಯಿಂದ ನೂಕುತ್ತದೆ, ಸ್ವಲ್ಪ ಹೊತ್ತಿಗೆ ತಿರುಗಿ ಮೇಯಲು ಹೋಗುತ್ತದೆ. ದೇಹ ನೋಡದ ಜೊತೆಗಾರ ದಿನಗಟ್ಟಲೆ ಬೇಲಿಯುದ್ದಕ್ಕೂ ಓಡಾಡುತ್ತಾ ಕೂಗುವುದನ್ನು ಕಂಡವರು ಈ ರೂಢಿಯನ್ನು ಬಿಡುವುದಿಲ್ಲ. ಸಾಂಕ್ರಾಮಿಕ ರೋಗದಿಂದ ಸತ್ತ ಕುದುರೆಗೆ ಇದು ಅನ್ವಯಿಸದು.

ಕೊನೆಯ ದಿನಗಳಲ್ಲಿ ಕುದುರೆಗೆ ಏನು ಕೊಡಬೇಕೆಂಬುದಕ್ಕೆ ಇತಿಹಾಸದಲ್ಲಿ ಒಂದು ದೊಡ್ಡ ಉದಾಹರಣೆಯಿದೆ. ಮೊದಲ ಮಹಾಯುದ್ಧ ಮುಗಿದಾಗ ಬ್ರಿಟಿಷ್ ಸೇನೆ ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲೇ ಮಾರಿಬಿಟ್ಟಿತು. ಮೈಸೂರು ಲ್ಯಾನ್ಸರ್ಸ್ ಹೋರಾಡಿದ್ದೂ ಅದೇ ರಣರಂಗದಲ್ಲಿ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಅವರು ಹೈಫಾ ನಗರ ಗೆದ್ದದ್ದು ಕುದುರೆಗಳ ಬೆನ್ನ ಮೇಲೆ. 1930ರಲ್ಲಿ ಸೇನಾಧಿಕಾರಿಯ ಪತ್ನಿಯಾಗಿ ಕೈರೋಗೆ ಬಂದ ಡೊರೊತಿ ಬ್ರೂಕ್, ಆ ಯುದ್ಧದ ಕುದುರೆಗಳು ಇನ್ನೂ ಕಲ್ಲುಕ್ವಾರಿಗಳಲ್ಲಿ, ಬಂಡಿಗಳಲ್ಲಿ ಕುರುಡಾಗಿ ಕುಂಟುತ್ತಾ ದುಡಿಯುತ್ತಿರುವುದನ್ನು ಕಂಡರು. ಮರುವರ್ಷ ಲಂಡನ್ನಿನ ಮಾರ್ನಿಂಗ್ ಪೋಸ್ಟ್ ಪತ್ರಿಕೆಗೆ ಅವರು ಬರೆದ ಪತ್ರಕ್ಕೆ ಜನ ಹಣದ ಹೊಳೆ ಹರಿಸಿದರು. ಆ ಹಣದಿಂದ ಮೂರು ವರ್ಷಗಳಲ್ಲಿ 5,000 ಕುದುರೆಗಳನ್ನು ಕೊಂಡರು. ಅವುಗಳಲ್ಲಿ ಬಹುಪಾಲು ಬದುಕಿಸಲಾಗದಷ್ಟು ಜೀರ್ಣವಾಗಿದ್ದವು. ಕೊಂಡದ್ದೇ ನೆಮ್ಮದಿಯ ಸಾವು ಕೊಡಲೆಂದು.

ಕೊಂಡ ಕೂಡಲೇ ಕೊಲ್ಲಲಿಲ್ಲ. ಒಂದೆರಡು ದಿನ ಲಾಯದಲ್ಲಿಟ್ಟು ಹಸಿ ಬರ್ಸೀಮ್ ಮೇವು, ನೀರು, ನೆಲಕ್ಕೆ ದಪ್ಪ ಹಾಸು ಕೊಟ್ಟರು. ವರ್ಷಗಟ್ಟಲೆ ಬರೀ ಕಲ್ಲುನೆಲದ ಮೇಲೆ ನಿಂತಿದ್ದ ಪ್ರಾಣಿಗಳು ಲಾಯದ ಬಾಗಿಲಲ್ಲಿ ಬಂದು ನಿಂತುಬಿಡುತ್ತಿದ್ದವು. ಗೊರಸಿನ ಕೆಳಗೆ ಮೆತ್ತನೆಯ ಹಾಸು ತಗುಲಿದಾಗ ಮತ್ತೆ ತಡೆದು, ತಲೆ ಬಗ್ಗಿಸಿ ಮೂಸಿ ನೋಡಿ, ಆಮೇಲಷ್ಟೇ ಗೋದಲಿಯ ಕಡೆ ಹೆಜ್ಜೆ ಹಾಕುತ್ತಿದ್ದವು ಎಂದು ಡೊರೊತಿ ದಾಖಲಿಸಿದ್ದಾರೆ. ಹಳೆಯ ದಿನಗಳ ನೆನಪು ಅವಕ್ಕೆ ಮರಳುತ್ತಿತ್ತು ಎಂದು ಆಕೆ ನಂಬಿದ್ದರು. 1934ರಲ್ಲಿ ಅವರು ಕೈರೋದಲ್ಲಿ ಕಟ್ಟಿದ ಹಳೆ ಯುದ್ಧಕುದುರೆಗಳ ಸ್ಮಾರಕ ಆಸ್ಪತ್ರೆಯೇ ಇಂದು ಭಾರತದಲ್ಲೂ ಕೆಲಸ ಮಾಡುವ ಬ್ರೂಕ್ ಸಂಸ್ಥೆಯಾಗಿ ಬೆಳೆದಿದೆ.

ಒಡೆಯರೂ ಕೊನೆಯ ದಿನ ಕುದುರೆಗೆ ಇಷ್ಟವಾದದ್ದನ್ನು ಕೊಡಬಹುದು. ಬೆಲ್ಲ, ಗಜ್ಜರಿ, ನೆನೆಸಿದ ಹುರುಳಿ, ಗರಿಕೆ ಯಾವುದಾದರೂ ಸರಿ. ಶಸ್ತ್ರಚಿಕಿತ್ಸೆಗಾದರೆ ಹೊಟ್ಟೆ ಖಾಲಿಯಿರಬೇಕು, ಇಲ್ಲಿ ಆ ಕಟ್ಟುಪಾಡಿಲ್ಲ. ಉದರಶೂಲೆಯ ಕುದುರೆಗೆ ಮಾತ್ರ ಬೇಡ. ನೋವು ಹೆಚ್ಚಿದ್ದರೆ ಆ ದಿನದವರೆಗೂ ನೋವುನಿವಾರಕ ನಿಲ್ಲಿಸಬಾರದು. ಬಾಲದ ಒಂದು ಎಳೆಯನ್ನೋ ಲಾಳವನ್ನೋ ಇಟ್ಟುಕೊಳ್ಳುವ ಆಸೆಯಿದ್ದರೆ ಮೊದಲೇ ಹೇಳಿಟ್ಟಿರಬೇಕು. ಬಾಲದ ಕೂದಲನ್ನು ಹಿಂದಿನ ದಿನವೇ ಕತ್ತರಿಸಿಕೊಳ್ಳಬಹುದು. ನೋಯುವ ಕಾಲಿನ ಲಾಳ ಎಲ್ಲ ಮುಗಿದ ಮೇಲಷ್ಟೇ.

ಆ ಕೆಲವು ನಿಮಿಷ

ವೈದ್ಯರು ಮೊದಲು ಮಂಪರಿನ ಮದ್ದು ಕೊಡುತ್ತಾರೆ. ಕುದುರೆಯ ತಲೆ ನಿಧಾನವಾಗಿ ಕೆಳಗಿಳಿಯುತ್ತದೆ, ಕೆಳತುಟಿ ಜೋಲುತ್ತದೆ. ಕುತ್ತಿಗೆಯ ಜೂಗುಲರ್ ರಕ್ತನಾಳಕ್ಕೆ ಮುಂಚಿತವಾಗಿಯೇ ತೂರುನಳಿಕೆ ಹಾಕಿರುವುದು ಅತಿ ಮುಖ್ಯ. ಕೊಡಬೇಕಾದ ಮದ್ದಿನ ಪ್ರಮಾಣ ದೊಡ್ಡದು. ನಡುವೆ ಸೂಜಿ ಜಾರಿ ಅರ್ಧ ಮದ್ದು ನಾಳದ ಹೊರಗೆ ಹೋದರೆ ಕುದುರೆ ಉರಿ ತಾಳದೆ ಕೆರಳುತ್ತದೆ. ಹಗ್ಗ ಹಿಡಿದವರು ನೇರ ಎದುರಿಗೆ ನಿಲ್ಲದೆ ವೈದ್ಯರು ತೋರಿಸಿದ ಕಡೆ ನಿಲ್ಲಬೇಕು, ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು.

ಮದ್ದು ಹೋದ ಅರ್ಧ ನಿಮಿಷದಿಂದ ಒಂದು ನಿಮಿಷದೊಳಗೆ ಕುದುರೆ ಒಂದು ದೀರ್ಘ ಉಸಿರೆಳೆದು, ಮೊಣಕಾಲು ಮಡಿದು ಕುಸಿಯುತ್ತದೆ. ರಕ್ತದೊತ್ತಡ ಬಿದ್ದುಹೋದ ಕುದುರೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಹಿಡಿಯಬಹುದು. ಕೆಲವು ವೈದ್ಯರು ಮೊದಲು ಅರಿವಳಿಕೆ ಕೊಟ್ಟು ನಿಧಾನವಾಗಿ ಮಲಗಿಸಿ, ಆಮೇಲೆ ಕೊನೆಯ ಮದ್ದು ಕೊಡುತ್ತಾರೆ. ನೋಡುವವರಿಗೆ ಅದು ಹೆಚ್ಚು ಸಹ್ಯ. ಬಿದ್ದ ಮೇಲೆ ಆಗುವುದನ್ನು ಮನೆಯವರಿಗೆ ಮೊದಲೇ ಹೇಳಿರಬೇಕು. ಸ್ನಾಯುಗಳು ಅದುರಬಹುದು, ಕಾಲು ಒಮ್ಮೆ ಝಾಡಿಸಬಹುದು, ಒಂದೆರಡು ಸಲ ಬಾಯಿ ತೆರೆದು ಉಸಿರೆಳೆದಂತೆ ಕಾಣಬಹುದು, ಮೂತ್ರ ಹೋಗಬಹುದು. ಕಣ್ಣು ಮುಚ್ಚುವುದಿಲ್ಲ. ಇವು ಪ್ರಜ್ಞೆ ಹೋದ ಮೇಲಿನ ದೇಹದ ಚಲನೆಗಳು, ನೋವಿನ ಗುರುತಲ್ಲ. ಗೊತ್ತಿಲ್ಲದೆ ನೋಡಿದವರಿಗೆ ಕುದುರೆ ನರಳಿತೆಂಬ ಕೊರಗು ವರ್ಷಗಟ್ಟಲೆ ಉಳಿಯುತ್ತದೆ.

ಎದೆಬಡಿತ ನಿಲ್ಲಲು ಇನ್ನೂ ಕೆಲವು ನಿಮಿಷ ಬೇಕು. ವೈದ್ಯರು ಸ್ಟೆತಸ್ಕೋಪಿನಿಂದ ಎದೆ ಆಲಿಸಿ, ಕಣ್ಣುಗುಡ್ಡೆ ಮುಟ್ಟಿ ನೋಡಿ, ಕೆಲ ಹೊತ್ತು ಬಿಟ್ಟು ಮತ್ತೊಮ್ಮೆ ಪರೀಕ್ಷಿಸಿ ಸಾವನ್ನು ಖಚಿತಪಡಿಸುವವರೆಗೆ ಯಾರೂ ದೇಹ ಎಳೆಯಲು ಮುಂದಾಗಬಾರದು.

ದೇಹ ಮತ್ತು ಹದ್ದುಗಳು

ಸತ್ತ ದನವನ್ನು ಊರಾಚೆ ಎಸೆಯುವ ಹಳೆಯ ಪದ್ಧತಿ ಇಲ್ಲಿ ಸುತರಾಂ ಸಲ್ಲದು. ಪೆಂಟೊಬಾರ್ಬಿಟಲ್ ದೇಹದಲ್ಲಿ ಬೇಗ ಕರಗುವುದಿಲ್ಲ, ಹೂತ ಮಣ್ಣಿನಲ್ಲೂ ಬಹುಕಾಲ ಉಳಿಯುತ್ತದೆ. ಆ ಮಾಂಸ ತಿಂದ ನಾಯಿ, ನರಿ, ಹದ್ದು, ರಣಹದ್ದುಗಳೂ ಸಾಯುತ್ತವೆ. ಕೊನೆಯ ವಾರಗಳಲ್ಲಿ ಕೊಟ್ಟ ನೋವುನಿವಾರಕಗಳ ಕಥೆ ಬೇರೆ. ಭಾರತದ ರಣಹದ್ದುಗಳನ್ನು ಅಳಿವಿನಂಚಿಗೆ ತಳ್ಳಿದ್ದು ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಮದ್ದು. 2006ರಲ್ಲಿ ಪಶು ಬಳಕೆಗೆ ಅದನ್ನು ನಿಷೇಧಿಸಲಾಯಿತು, 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್‌ಗಳಿಗೂ ಅದೇ ನಿಷೇಧ ಬಂತು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿದರೂ ಅಲ್ಲಿ ಉಳಿದಿರುವ ಹಕ್ಕಿಗಳು ಬೆರಳೆಣಿಕೆಯಷ್ಟು. ಒಂದು ಕುದುರೆಯ ದೇಹ ತೆರೆದ ಬಯಲಲ್ಲಿ ಬಿದ್ದರೆ ಅಷ್ಟೂ ಹಕ್ಕಿಗಳಿಗೆ ಕುತ್ತು ತರಬಲ್ಲದು.

ಆದ್ದರಿಂದ ಆಳವಾಗಿ ಹೂಳಬೇಕು ಅಥವಾ ಸುಡಬೇಕು. ಒಂದು ಕುದುರೆಗೆ ಸುಮಾರು ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡರಿಂದ ಮೂರು ಮೀಟರ್ ಆಳದ ಗುಂಡಿ ಬೇಕು, ಮೇಲೆ ಕನಿಷ್ಠ ಒಂದು ಮೀಟರಾದರೂ ಮಣ್ಣು ಬೀಳಬೇಕು. ಬಾವಿ, ಕೊಳವೆಬಾವಿ, ಹಳ್ಳಗಳಿಂದ ದೂರವಿರಬೇಕು. ಗಟ್ಟಿ ಬಂಡೆ ಅಥವಾ ಮೇಲ್ಮಟ್ಟದ ನೀರು ಸಿಗುವ ಕಡೆ ಬೇಡ. ಇಷ್ಟು ಮಣ್ಣನ್ನು ಸಲಿಕೆ, ಪಿಕಾಸಿಯಿಂದ ತೆಗೆಯಲು ಹೊರಟರೆ ಇಡೀ ದಿನ ಬೇಕು, ಹಿಂದಿನ ದಿನವೇ ಜೆಸಿಬಿ ಕರೆಸಿಡುವುದು ಮೇಲು. ಸ್ವಂತ ಜಮೀನಿಲ್ಲದ ನಗರವಾಸಿಗಳು ಪಾಲಿಕೆಯ ಆರೋಗ್ಯ ವಿಭಾಗದೊಂದಿಗೆ, ಪಶುಪಾಲನಾ ಇಲಾಖೆಯೊಂದಿಗೆ ಮೊದಲೇ ಮಾತಾಡಿ ಜಾಗ ಗೊತ್ತುಮಾಡಿಕೊಳ್ಳಬೇಕು. ಥರೋಬ್ರೆಡ್ ಕುದುರೆಯಾದರೆ ಸಾವಿನ ವಿವರವನ್ನು ಪುಣೆಯಲ್ಲಿರುವ ಭಾರತದ ಸ್ಟಡ್ ಬುಕ್ ಪ್ರಾಧಿಕಾರಕ್ಕೂ ತಿಳಿಸಿ, ಪಾಸ್‌ಪೋರ್ಟ್ ಹಿಂದಿರುಗಿಸಬೇಕು. ಹಾಗೆ ಮಾಡಿದರೆ ಸತ್ತ ಕುದುರೆಯ ಕಾಗದದಲ್ಲಿ ಇನ್ನೊಂದು ಕುದುರೆ ಮಾರಾಟವಾಗುವುದಿಲ್ಲ.

ಕುದುರೆ ಸಾಕುವವರು ಇಷ್ಟನ್ನೂ ಅದು ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವಾಗಲೇ ತಮ್ಮ ವೈದ್ಯರೊಂದಿಗೆ ಕೂತು ಮಾತಾಡಿಬಿಡಲಿ. ಯಾವ ಹಂತ ಬಂದರೆ ಚಿಕಿತ್ಸೆ ನಿಲ್ಲಿಸುವುದು, ತಾವು ಊರಲ್ಲಿಲ್ಲದಿದ್ದರೆ ಯಾರ ಮಾತು ನಡೆಯಬೇಕು, ವೈದ್ಯರ ಮತ್ತು ಜೆಸಿಬಿಯವರ ದೂರವಾಣಿ ಸಂಖ್ಯೆ, ಹೂಳುವ ಜಾಗ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಲಾಯದ ಗೋಡೆಗೆ ಅಂಟಿಸಿಡಲಿ. ಓದು ಬಾರದ ಕುದುರೆಯಾಳಿಗೆ ಅದನ್ನು ಓದಿ ಹೇಳಿರಲಿ.